ಕೊಬ್ಬರಿ ದುಡ್ಡು ಯಾರ ಪಾಲಿಗೆ?

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯಂಥ ಬಯಲುಸೀಮೆಯ ಊರಿನಲ್ಲಿ ಷೇರುಪೇಟೆಯ ಗೊಡವೆಯೇ ಬೇಡ ಎನ್ನುವವರೂ ಹರಾಜಿನ ದಿನ ತಿಪಟೂರಿನ ಕೊಬ್ಬರಿ ಧಾರಣೆ ಕೇಳದೆ ಇರುವುದಿಲ್ಲ. ಅದೂ ಪೇಟೆಯೇ, ಷೇರಿಗಿಂತ ಜೋರಾಗಿ ಕುಣಿಯುವ ಪೇಟೆ. ಅಲ್ಲಿಂದ ಬಂದ ದುಡ್ಡಿನ ಬಗ್ಗೆ ಊರಿನಲ್ಲಿ ಕೇಳಿಬರುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

‘ಧಾರಣೆ ಏರಿತು, ಇನ್ನು ಇಳಿಯಲ್ಲ’

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಪೇಟೆಯಲ್ಲಿ ಅಷ್ಟೂ ಸಿಗದೆ ರೈತರು ನಾಫೆಡ್ ಖರೀದಿ ಕೇಂದ್ರದ ಮುಂದೆ ನಿಂತರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಏರಿದ್ದು ಮುಖ್ಯವಾಗಿ ಇಳುವರಿ ಕುಸಿದದ್ದರಿಂದ, ಇಳುವರಿ ಚೇತರಿಸಿದರೆ ಇಳಿಯಲೂಬಹುದು. 2014ರಲ್ಲಿ ಗಗನಕ್ಕೇರಿದ್ದ ರಾಶಿ ಅಡಿಕೆಯೂ ಎರಡು ವರ್ಷದೊಳಗೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಏರಿದ ಧಾರಣೆ ನಂಬಿ ಸಾಲ ಮಾಡಿ ಇನ್ನೊಂದು ಬೋರು ಕೊರೆಸುವುದನ್ನು ಹೂಡಿಕೆ ಅನ್ನಲಾರೆ, ಅದು ಜೂಜು.

‘ಸಂಘದಲ್ಲಿಟ್ಟರೂ ಬ್ಯಾಂಕಿನಲ್ಲಿಟ್ಟರೂ ಒಂದೇ’

ಒಂದೇ ಅಲ್ಲ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆಯಿದೆ. 2020ರ ಫೆಬ್ರವರಿಗೆ ಮುಂಚೆ ಅದು 1 ಲಕ್ಷವಷ್ಟೇ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆ ಉಂಟು. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಸಂಘ ಕೆಟ್ಟದ್ದೆಂದಲ್ಲ, ಆದರೆ ಒಂದೆರಡು ಪರ್ಸೆಂಟ್ ಹೆಚ್ಚು ಬಡ್ಡಿ ಯಾಕೆ ಕೊಡುತ್ತಾರೆಂದು ಕೇಳಿಕೊಳ್ಳಿ.

‘ರೈತನಿಗೆ ತೆರಿಗೆಯಿಲ್ಲ’

ಕೊಬ್ಬರಿ ಮಾರಿದ ಆದಾಯಕ್ಕಿಲ್ಲ. ಆ ಹಣ ಎಫ್‌ಡಿಗೆ ಹೋದ ಮೇಲೆ ಬರುವ ಬಡ್ಡಿ ಕೃಷಿ ಆದಾಯವಲ್ಲ.

‘ನಾಮಿನಿ ಮಾಡಿಸಿದ್ದೀನಲ್ಲ, ಅವನಿಗೇ ಸೇರುತ್ತೆ’

ಮನೆ ಒಡೆಯುವುದು ಹೆಚ್ಚಾಗಿ ಇಲ್ಲಿಯೇ. ಯಜಮಾನ ಹಿರಿಮಗನನ್ನು ನಾಮಿನಿ ಮಾಡಿ ತೀರಿಕೊಳ್ಳುತ್ತಾನೆ, ಬ್ಯಾಂಕ್ ಮಗನ ಕೈಗೆ ದುಡ್ಡು ಕೊಡುತ್ತದೆ. ಅಲ್ಲಿಗೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು, ಮಗನದು ಮುಗಿಯಲಿಲ್ಲ. ನಾಮಿನಿ ಹಣ ಪಡೆಯುವವನೇ ಹೊರತು ಒಡೆಯನಲ್ಲ ಎಂದು ಠೇವಣಿಯ ವಿಚಾರದಲ್ಲಿ 2010ರಲ್ಲಿ, ಷೇರು ಮತ್ತು ಮ್ಯೂಚುಯಲ್ ಫಂಡ್ ವಿಚಾರದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉಯಿಲು ಬರೆಯದೆ ಹೋದ ಹಿಂದೂ ಗಂಡಸಿನ ಸ್ವಯಾರ್ಜಿತದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಮದುವೆ ಮಾಡಿ ಕೊಟ್ಟ ಮಗಳ ಪಾಲೂ ಅದರಲ್ಲಿದೆ. ‘ವರೋಪಚಾರ ಮಾಡಿ ಆಯ್ತಲ್ಲ’ ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ.

ಜೀವವಿಮೆ ಮಾತ್ರ ಬೇರೆ. 2015ರ ತಿದ್ದುಪಡಿಯ ಪ್ರಕಾರ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಆ ಹಣ ಸಾಮಾನ್ಯವಾಗಿ ಅವರದೇ.

‘ಉಯಿಲು ದೊಡ್ಡವರ ಮನೆಯದು’

ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ಅವರಿಂದಲೂ ಸಹಿ ಮಾಡಿಸಿದರೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ಉಯಿಲಿನಲ್ಲಿ ಜಮೀನೂ ಸೇರುವುದಾದರೆ, ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಪೌತಿ ಖಾತೆಗೆ ಅರ್ಜಿ ಕೊಡಿ. ಅದಿಲ್ಲದೆ ಬೆಳೆ ಸಾಲಕ್ಕೂ ತೊಡಕು.