ಮೋಟಾರು ಕಾರು ವೇಗಗೊಳ್ಳುವಾಗ ಕೇಳಿಬರುವ ಸಿಡಿಸದ್ದು: ಕಾರಣಗಳೂ ಪರೀಕ್ಷೆಯೂ

ಪೆಟ್ರೋಲು ಕಾರೊಂದು ನಿಂತಿದ್ದು, ಎಂಜಿನ್ನು ಮಾತ್ರ ಮೆಲ್ಲಗೆ ತಿರುಗುತ್ತಿರುವಾಗ ಯಾವ ದೋಷವನ್ನೂ ತೋರದೆ, ಆಕ್ಸಿಲರೇಟರನ್ನು ಒತ್ತಿದೊಡನೆ ಪಟ್ ಪಟ್ ಎಂದು ಸಿಡಿಯತೊಡಗುವುದುಂಟು. ಗ್ಯಾರೇಜಿನ ಮೇಸ್ತ್ರಿ ಸ್ಪಾರ್ಕ್ ಪ್ಲಗ್ಗನ್ನು ಕಳಚಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ, ಕಿಡಿ ಹಾರುವುದನ್ನು ಕಂಡು, ಪ್ಲಗ್ಗು ಸರಿಯಾಗಿದೆಯೆಂದು ತೀರ್ಮಾನಿಸುತ್ತಾನೆ. ಬಳಿಕ ಬೇರೆ ಬೇರೆ ಭಾಗಗಳನ್ನು ಬದಲಾಯಿಸುವ ಕೆಲಸ ಮೊದಲಾಗುತ್ತದೆ. ಹಣ ವೆಚ್ಚವಾಗುತ್ತದೆ; ಸದ್ದು ಹಾಗೆಯೇ ಉಳಿಯುತ್ತದೆ. ಆ ಪರೀಕ್ಷೆಯಲ್ಲಿ ಅಡಗಿರುವ ತಪ್ಪು ಭೌತವಿಜ್ಞಾನದ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದುದು.

ಸಿಡಿತವೆಂದರೆ ಬೆಂಕಿ ತನ್ನ ಸ್ಥಾನವನ್ನು ಬಿಟ್ಟು ಬೇರೆಡೆ ಹೊತ್ತಿಕೊಳ್ಳುವುದು. ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತ ಮಿಶ್ರಣವು ಸಿಲಿಂಡರಿನೊಳಗೆ, ಕವಾಟಗಳೆಲ್ಲ ಮುಚ್ಚಿರುವಾಗ ಉರಿಯತಕ್ಕದ್ದು. ಅಲ್ಲಿ ಉರಿಯದೆ ಹೊಗೆಕೊಳವೆಗೆ ಹೋಗಿ ಉರಿದರೆ ಸದ್ದು ಕಾರಿನ ಹಿಂಭಾಗದಿಂದ ಬರುತ್ತದೆ. ಜ್ವಾಲೆಯು ಗಾಳಿ ಒಳಬರುವ ದಾರಿಗೆ ಮರಳಿದರೆ ಎಂಜಿನ್ನು ಸೀನಿದಂತೆ ಮುಂಭಾಗದಲ್ಲಿ ಕೇಳಿಸುತ್ತದೆ. ಆದುದರಿಂದ ಯಾವ ಉಪಕರಣವನ್ನೂ ಕೈಗೆತ್ತಿಕೊಳ್ಳುವ ಮೊದಲು ಸದ್ದಿನ ನೆಲೆಯನ್ನು ಗುರುತಿಸುವುದು ಅವಶ್ಯಕ.

ಹಿಂಭಾಗದ ಸಿಡಿತಕ್ಕೆ ಸಾಮಾನ್ಯ ಕಾರಣ ಕಿಡಿ ತಪ್ಪುವುದು. ತೆರೆದ ಗಾಳಿಯಲ್ಲಿ ಚೆನ್ನಾಗಿ ಹಾರಿದ ಕಿಡಿಯು ಸಿಲಿಂಡರಿನೊಳಗೆ ಏಕೆ ತಪ್ಪಬೇಕು? ಎರಡು ವಿದ್ಯುದಗ್ರಗಳ ನಡುವೆ ಕಿಡಿ ಹಾರಲು ಬೇಕಾಗುವ ವೋಲ್ಟೇಜು, ಅನಿಲದ ಒತ್ತಡ ಮತ್ತು ಅಗ್ರಗಳ ಅಂತರ ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆಯೆಂದು ಜರ್ಮನಿಯ ಫ್ರೀಡ್ರಿಖ್ ಪಾಶೆನ್ ೧೮೮೯ರಲ್ಲಿ ತೋರಿಸಿದನು. ಪ್ಲಗ್ಗಿನ ಅಂತರ ಸುಮಾರು ಒಂದು ಮಿಲಿಮೀಟರು. ತೆರೆದ ಗಾಳಿಯಲ್ಲಿ ಇದನ್ನು ದಾಟಲು ಮೂರು ನಾಲ್ಕು ಸಾವಿರ ವೋಲ್ಟು ಸಾಕು. ಸಿಲಿಂಡರಿನಲ್ಲಿ ಒತ್ತಲ್ಪಟ್ಟ ಮಿಶ್ರಣದಲ್ಲಾದರೋ ಹತ್ತು ಸಾವಿರವನ್ನು ಮೀರಬೇಕಾಗುತ್ತದೆ. ಎಂಜಿನ್ನು ಮೆಲ್ಲಗೆ ತಿರುಗುತ್ತಿರುವಾಗ ಥ್ರಾಟಲ್ ಕವಾಟ ಬಹುಮಟ್ಟಿಗೆ ಮುಚ್ಚಿದ್ದು, ಒಳಹೋಗುವ ಗಾಳಿಯ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಆಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತಿದಾಗ ಅದು ವಾಯುಮಂಡಲದ ಒತ್ತಡಕ್ಕೆ ಸಮೀಪಿಸುವುದರಿಂದ, ಕಿಡಿ ದಾಟಬೇಕಾದ ಅನಿಲ ಹೆಚ್ಚುಕಡಿಮೆ ಮೂರು ಪಟ್ಟು ಸಾಂದ್ರವಾಗುತ್ತದೆ. ಆಗ ವಿದ್ಯುತ್ತು ಸುಲಭವಾದ ಬೇರೆ ದಾರಿಯನ್ನು ಹುಡುಕುತ್ತದೆ. ತಂತಿಯ ರಬ್ಬರು ಬಿರಿತಿದ್ದರೆ ಅಲ್ಲಿ, ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಮಸಿಯ ಗೆರೆಯಿದ್ದರೆ ಅದರ ಮೇಲೆ ಹರಿದುಹೋಗುತ್ತದೆ. ಪ್ಲಗ್ಗಿನ ಅಗ್ರ ಸವೆದು ಅಂತರ ಹೆಚ್ಚಿದ್ದರೂ ಫಲ ಇದೇ.

ಹೀಗಿರುವುದರಿಂದ ಪ್ಲಗ್ಗನ್ನು ಒತ್ತಡದ ಗಾಳಿಯಲ್ಲಿ ಪರೀಕ್ಷಿಸಬೇಕು. ಅದಕ್ಕೆ ತಕ್ಕ ಉಪಕರಣಗಳಿವೆ. ಉಪಕರಣವಿಲ್ಲದವರು ಅಂತರವನ್ನು ಅಳೆದು ತಯಾರಕರು ಸೂಚಿಸಿದಷ್ಟಕ್ಕೆ ಸರಿಪಡಿಸಲಿ, ಸವೆದುದನ್ನು ಬದಲಿಸಲಿ. ಕತ್ತಲಲ್ಲಿ ಬಾನೆಟ್ಟನ್ನು ತೆರೆದು ಎಂಜಿನ್ನನ್ನು ನಡೆಸಿದರೆ ಸೋರುವ ವಿದ್ಯುತ್ತು ತಂತಿಗಳ ಮೇಲೆ ನೀಲಿ ಮಿನುಗಾಗಿ ಕಾಣಿಸಬಹುದು. ಕೈಯನ್ನು ಮಾತ್ರ ದೂರವಿಡತಕ್ಕದ್ದು. ಮಳೆಗಾಲದಲ್ಲಿ ಮಾತ್ರ ತಲೆದೋರುವ ಸಿಡಿತಕ್ಕೆ ಈ ಸೋರಿಕೆಯೇ ಕಾರಣವಾಗಿರುವ ಸಂಭವ ಹೆಚ್ಚು.

ಮುಂಭಾಗದ ಸೀನಿಗೆ ಕಾರಣ ಬಹುಶಃ ಪೆಟ್ರೋಲಿನ ಕೊರತೆ. ಪೂರ್ಣ ದಹನಕ್ಕೆ ಒಂದು ತೂಕ ಪೆಟ್ರೋಲಿಗೆ ಸುಮಾರು ೧೪.೭ ತೂಕ ಗಾಳಿ ಬೇಕು. ಗಾಳಿ ಇದಕ್ಕಿಂತ ಬಹಳ ಹೆಚ್ಚಾದರೆ ಜ್ವಾಲೆ ನಿಧಾನವಾಗಿ ಹರಡಿ, ಒಳಕವಾಟ ಮರಳಿ ತೆರೆಯುವವರೆಗೂ ಉಳಿದಿದ್ದು, ಹೊಸ ಮಿಶ್ರಣಕ್ಕೆ ತಗಲುತ್ತದೆ. ಪ್ರೀಮಿಯರ್ ಪದ್ಮಿನಿ, ಹಳೆಯ ಅಂಬಾಸಡರ್ ಮುಂತಾದ ಕಾರ್ಬ್ಯುರೇಟರ್ ಕಾರುಗಳಲ್ಲಿ ಚೋಕನ್ನು ಸ್ವಲ್ಪ ಎಳೆದು ನೋಡುವುದು ಸರಳವಾದ ಪರೀಕ್ಷೆ. ಸದ್ದು ತಗ್ಗಿದರೆ ಮಿಶ್ರಣ ಬಡವಾಗಿದೆಯೆಂದೇ ಅರ್ಥ. ಆಗ ಕಾರ್ಬ್ಯುರೇಟರಿನ ವೇಗವರ್ಧಕ ಪಂಪು, ಜೆಟ್ಟುಗಳು, ಪೆಟ್ರೋಲಿನ ಫಿಲ್ಟರು, ಗಾಳಿ ಸೋರುವ ಗ್ಯಾಸ್ಕೆಟ್ಟು ಇವನ್ನು ನೋಡಬೇಕು. ಒಳಕವಾಟ ಸರಿಯಾಗಿ ಕೂರದಿದ್ದರೂ ಸೀನು ಬರುತ್ತದೆ. ಸಿಲಿಂಡರಿನ ಒತ್ತಡವನ್ನು ಅಳೆದರೆ ಅದು ಗೊತ್ತಾಗುತ್ತದೆ.

ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗಣಕವು ದೋಷಸಂಖ್ಯೆಗಳನ್ನು ದಾಖಲಿಸುತ್ತದೆ: ದಹನ ತಪ್ಪಿದುದಕ್ಕೆ ಪಿ ೦೩೦೦ರ ಸರಣಿ, ಬಡ ಮಿಶ್ರಣಕ್ಕೆ ಪಿ ೦೧೭೧. ಇವು ಉಪಯುಕ್ತವೇ. ಆದರೆ ಕಿಡಿ ತಪ್ಪಿದ ಸಿಲಿಂಡರಿನಿಂದ ಪೆಟ್ರೋಲಿನೊಡನೆ ಬಳಕೆಯಾಗದ ಆಮ್ಲಜನಕವೂ ಹೊರಬೀಳುತ್ತದೆ. ಆಮ್ಲಜನಕವನ್ನು ಮಾತ್ರ ಗುರುತಿಸುವ ಸಂವೇದಕವು ಮಿಶ್ರಣ ಬಡವಾಗಿದೆಯೆಂದು ಭ್ರಮಿಸುತ್ತದೆ. ಗಣಕವು ಅದನ್ನು ನಂಬಿ ಇನ್ನಷ್ಟು ಪೆಟ್ರೋಲನ್ನು ಸುರಿಸುತ್ತದೆ. ಎರಡು ಸಂಖ್ಯೆಗಳೂ ಜೊತೆಯಾಗಿ ಕಂಡಾಗ ಕಿಡಿಯನ್ನೇ ಮೊದಲು ಪರೀಕ್ಷಿಸುವುದು ಮೇಲೆಂದು ನಮ್ಮ ಅಭಿಪ್ರಾಯ.

ಎಂಜಿನ್ನಿನ ಪಕ್ಕದಲ್ಲೇ ಕೇಳುವ ಟಪ್ ಟಪ್ ಸದ್ದು ಎಂಜಿನ್ನು ಕಾದಂತೆ ತಗ್ಗುವುದಾದರೆ, ಅದು ಸಿಡಿತವಲ್ಲ, ಹೊಗೆಕೊಳವೆಯ ಸಂಧಿಯಲ್ಲಿನ ಸೋರಿಕೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಮುನ್ನಡೆಯುವಾಗ ಮಾತ್ರ ಕೇಳುವ ಕಟಕಟ ಶಬ್ದ ಮುಂದಿನ ಚಕ್ರಗಳ ಚಾಲಕ ಕೀಲಿನದು.

ಸದ್ದನ್ನು ಸಹಿಸಿಕೊಂಡು ಕಾರನ್ನು ಓಡಿಸುವವರು ಒಂದನ್ನು ತಿಳಿದಿರಬೇಕು. ನಮ್ಮ ದೇಶದಲ್ಲಿ ೧೯೯೫ರ ಏಪ್ರಿಲಿನಿಂದ ಮೊದಲು ನಾಲ್ಕು ಮಹಾನಗರಗಳ ಹೊಸ ಪೆಟ್ರೋಲು ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಜೇನುಗೂಡಿನಂಥ ಪಿಂಗಾಣಿಯ ಮೇಲೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೇಪಿಸಿರುವ ಈ ಭಾಗ ಬಹಳ ಬೆಲೆಯದು. ಉರಿಯದ ಪೆಟ್ರೋಲು ಅದರೊಳಗೆ ಉರಿದರೆ ಪಿಂಗಾಣಿ ಕರಗಿ ದಾರಿ ಮುಚ್ಚಿಹೋಗಬಹುದು. ಕಿಡಿಯ ದೋಷವನ್ನು ತಿದ್ದದೆ ಹೊಸ ಕನ್ವರ್ಟರನ್ನು ಜೋಡಿಸಿದರೆ ಅದಕ್ಕೂ ಅದೇ ಗತಿ.