ವಿನಿಮಯ ದರ: ಅಂದು ಮತ್ತು ಇಂದು

ಒಂದು ಡಾಲರಿಗೆ ಎಷ್ಟು ರೂಪಾಯಿ ಎಂಬ ದರ ದಿನದಿಂದ ದಿನಕ್ಕೆ ಬದಲಾಗುವುದನ್ನು ನೀವು ವಾರ್ತೆಗಳಲ್ಲಿ ಕೇಳುತ್ತೀರಿ. 1949ರಿಂದ 1966ರವರೆಗೆ ಈ ದರ ಸುಮಾರು 4.76 ರೂಪಾಯಿಯಲ್ಲೇ ನಿಂತಿತ್ತು. ಅಂದು ನಿಂತದ್ದೇಕೆ? ಇಂದು ಚಲಿಸುವುದೇಕೆ?

ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಪ್ರಮುಖ ದೇಶಗಳಲ್ಲಿ ಸುವರ್ಣ ಪ್ರಮಿತಿ ಜಾರಿಯಲ್ಲಿತ್ತು. ಪ್ರತಿ ದೇಶದ ಹಣಕ್ಕೂ ಇಂತಿಷ್ಟು ಚಿನ್ನವೆಂದು ನಿಗದಿಯಾಗಿದ್ದುದರಿಂದ ಒಂದು ಪೌಂಡಿಗೆ ಸುಮಾರು 4.86 ಡಾಲರ್ ಎಂಬ ದರ ಹೆಚ್ಚು ಕದಲುತ್ತಿರಲಿಲ್ಲ. ಆದರೆ ರಫ್ತಿಗಿಂತ ಆಮದು ಹೆಚ್ಚಾದರೆ ಚಿನ್ನ ಹೊರಗೆ ಹರಿಯುತ್ತಿತ್ತು. ಆಗ ದೇಶದೊಳಗೆ ಹಣ ಬಿಗಿಯಾಗಿ, ಬಡ್ಡಿ ಏರಿ, ಕೂಲಿ ಇಳಿದು, ಜನ ಕೆಲಸ ಕಳೆದುಕೊಳ್ಳುತ್ತಿದ್ದರು. 1931ರಲ್ಲಿ ಬ್ರಿಟನ್ ಈ ಪದ್ಧತಿಯನ್ನು ಕೈಬಿಟ್ಟಿತು.

1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳ ಪ್ರತಿನಿಧಿಗಳು ಸೇರಿದರು. ಭಾರತವೂ ಅವುಗಳಲ್ಲಿ ಒಂದು. ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್. ಉಳಿದ ದೇಶಗಳ ಹಣಕ್ಕೆ ಡಾಲರಿನೊಡನೆ ನಿಗದಿತ ದರ. ತೀರಾ ಅನಿವಾರ್ಯವಾದಾಗ ಮಾತ್ರ ಅಪಮೌಲ್ಯ. 1966ರ ಜೂನ್‌ನಲ್ಲಿ ನಮ್ಮ ಸರ್ಕಾರ ಒಮ್ಮೆಗೇ ಡಾಲರಿಗೆ 7.50 ರೂಪಾಯಿ ಎಂದು ದರ ಬದಲಿಸಿದ್ದು ಹೀಗೆಯೇ. ಈ ನಡುವೆ ಅಮೆರಿಕದ ಬಳಿಯಿದ್ದ ಚಿನ್ನಕ್ಕಿಂತ ಹೊರದೇಶಗಳ ಕೈಯಲ್ಲಿದ್ದ ಡಾಲರುಗಳ ಮೌಲ್ಯ ಹೆಚ್ಚಾಯಿತು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಡಾಲರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದರು. 1973ರಲ್ಲಿ ಪ್ರಮುಖ ದೇಶಗಳ ವಿನಿಮಯ ದರಗಳನ್ನು ಮಾರುಕಟ್ಟೆಗೇ ಬಿಡಲಾಯಿತು.

ಇಂದಿನ ವ್ಯವಸ್ಥೆ ಒಂದೇ ಬಗೆಯದಲ್ಲ. ಸೌದಿ ಅರೇಬಿಯಾ ಡಾಲರಿಗೆ 3.75 ರಿಯಾಲ್ ಎಂಬ ದರವನ್ನು 1986ರಿಂದ ಉಳಿಸಿಕೊಂಡಿದೆ. ಯೂರೋಪಿನ ಹಲವು ದೇಶಗಳು ಯೂರೋ ಎಂಬ ಒಂದೇ ಹಣವನ್ನು ಬಳಸುತ್ತವೆ. 1991ರ ವಿದೇಶಿ ವಿನಿಮಯ ಬಿಕ್ಕಟ್ಟಿನ ನಂತರ ಭಾರತ 1993ರ ಮಾರ್ಚ್‌ನಲ್ಲಿ ರೂಪಾಯಿಯ ದರವನ್ನು ಮಾರುಕಟ್ಟೆಗೆ ಒಪ್ಪಿಸಿತು. ಏರಿಳಿತ ವಿಪರೀತವಾದಾಗ ರಿಸರ್ವ್ ಬ್ಯಾಂಕ್ ಡಾಲರುಗಳನ್ನು ಮಾರಿ ಅಥವಾ ಕೊಂಡು ಅದನ್ನು ತಗ್ಗಿಸಲು ಯತ್ನಿಸುತ್ತದೆ.

ಹಾಗಾದರೆ ಯಾವುದು ಮೇಲು? ದರ ಸ್ಥಿರವಾಗಿದ್ದರೆ ವ್ಯಾಪಾರಿಗೆ ನಿಶ್ಚಿಂತೆ. ಆದರೆ ಅದನ್ನು ಕಾಯಲು ಸರ್ಕಾರ ಬಡ್ಡಿಯನ್ನೂ ವೆಚ್ಚವನ್ನೂ ಬಿಗಿ ಮಾಡಬೇಕಾಗುತ್ತದೆ. ದರ ಚಲಿಸಿದರೆ ಸರ್ಕಾರಕ್ಕೆ ಸ್ವಾತಂತ್ರ್ಯ ಹೆಚ್ಚು; ಆದರೆ ರೂಪಾಯಿ ಇಳಿದಾಗ ಆಮದು ತೈಲ ದುಬಾರಿ, ವಿದೇಶದಲ್ಲಿ ಓದುವವರ ಶುಲ್ಕವೂ ದುಬಾರಿ. ಯಾವ ಪದ್ಧತಿಯಲ್ಲೂ ಹೊರೆ ಇಲ್ಲವಾಗುವುದಿಲ್ಲ. ಅದು ಯಾರ ಹೆಗಲಿಗೆ ಬೀಳುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಮುಂದಿನ ಸಲ ಡಾಲರಿನ ದರ ಕೇಳಿದಾಗ ಈ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಿ.