ಹೊಸ ಪೇಂಟಿನ ಹಿಂದಿನ ಗೋಡೆ: ಹಳೇ ಫ್ಲಾಟಿನ ರಿಪೇರಿ ಯಾರ ಜೇಬಿಂದ?

ಕಳೆದ ತಿಂಗಳು ಗೆಳೆಯನೊಬ್ಬನ ಜೊತೆ ಬೆಂಗಳೂರಲ್ಲಿ ಫ್ಲಾಟ್ ನೋಡೋಕೆ ಹೋಗಿದ್ದೆ. 18 ವರ್ಷ ಹಳೇ ಕಟ್ಟಡ, ಬೆಲೆ 60 ಲಕ್ಷ, ಬಾಡಿಗೆ 20 ಸಾವಿರ ಗ್ಯಾರಂಟಿ ಅಂದ್ರು ಬ್ರೋಕರ್. ಗೋಡೆಗೆಲ್ಲ ಹೊಸ ಪೇಂಟ್. ಬಾತ್‌ರೂಮಿನ ಸೀಲಿಂಗನ್ನು ಬೆರಳ ಗಿಣ್ಣಿನಿಂದ ತಟ್ಟಿ ನೋಡಿದೆ. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಡಬ್ಬದ ಸದ್ದು. ಎಂಜಿನಿಯರಿಂಗ್ ಓದಿ ನನಗೆ ಆದ ಲಾಭ ಇಷ್ಟೇ.

ಡಬ್ಬದ ಸದ್ದು ಬಂದ್ರೆ ಪ್ಲಾಸ್ಟರ್ ಒಳಗಿನ ಕಾಂಕ್ರೀಟಿನಿಂದ ಬಿಟ್ಟುಕೊಂಡಿದೆ ಅಂತ ಅರ್ಥ. ಹೊಸ ಕಾಂಕ್ರೀಟು ಕ್ಷಾರೀಯ. ಅದರ ಪಿಎಚ್ 12ಕ್ಕಿಂತ ಹೆಚ್ಚಿರುತ್ತೆ, ಆ ಕ್ಷಾರವೇ ಒಳಗಿನ ಕಂಬಿಯನ್ನು ತುಕ್ಕಿನಿಂದ ಕಾಯುತ್ತೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಕ್ಷಾರ ಕಡಿಮೆಯಾಗುತ್ತೆ. ಅದರ ಮೇಲೆ ನೀರಿನ ಲೀಕೇಜ್ ಸೇರಿದ್ರೆ ಕಂಬಿಗೆ ತುಕ್ಕು. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು, ಹಾಗಾಗಿ ಕಾಂಕ್ರೀಟ್ ಒಳಗಿಂದಲೇ ಸೀಳುತ್ತೆ. ಇದಕ್ಕೆ ಪೇಂಟ್ ಮದ್ದಲ್ಲ, ಬರೀ ಮೇಕಪ್.

ಈಗ ಲೆಕ್ಕಕ್ಕೆ ಬರೋಣ. ವರ್ಷಕ್ಕೆ 2.4 ಲಕ್ಷ ಬಾಡಿಗೆ ಅಂದ್ರೆ 60 ಲಕ್ಷದ ಮೇಲೆ 4%. ಬ್ರೋಕರ್ ಹೇಳೋದು ಇಲ್ಲಿಗೆ ನಿಲ್ಲುತ್ತೆ. ಒಂದು ತಿಂಗಳು ಮನೆ ಖಾಲಿ ಬಿತ್ತು ಅಂದ್ಕೊಳ್ಳಿ, 20 ಸಾವಿರ ಹೋಯ್ತು. ಆಸ್ತಿ ತೆರಿಗೆ, ಸಣ್ಣಪುಟ್ಟ ರಿಪೇರಿಗೆ 30 ಸಾವಿರ ಇಡಿ. ಹತ್ತು ವರ್ಷಕ್ಕೊಮ್ಮೆ ವಾಟರ್‌ಪ್ರೂಫಿಂಗ್, ಪೈಪ್ ಬದಲಾವಣೆ, ಲಿಫ್ಟಿನ ಪಾಲು ಸೇರಿ 3 ಲಕ್ಷ ಆದ್ರೆ ವರ್ಷಕ್ಕೆ 30 ಸಾವಿರ. ಉಳಿಯೋದು 1.6 ಲಕ್ಷ, ಅಂದ್ರೆ 2.7%ಗೂ ಕಡಿಮೆ. ಇವು ನನ್ನ ಅಂದಾಜಿನ ಅಂಕಿಗಳು. ನಿಮ್ಮ ಅಂಕಿ ಹಾಕಿ ನೋಡಿ, ದಿಕ್ಕು ಮಾತ್ರ ಬದಲಾಗಲ್ಲ.

ಬಿಲ್ಡರ್ ಕೇಳಬಹುದಲ್ಲ? 2016ರ ರೇರಾ ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಯೋಜನೆಗಳಲ್ಲಿ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ಗಮನಕ್ಕೆ ತಂದ್ರೆ, ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಮಾಡಬೇಕು. 18 ವರ್ಷದ ಫ್ಲಾಟಿಗೆ ಆ ಬಾಗಿಲು ಮುಚ್ಚಿದೆ. ಎಲ್ಲ ಖರ್ಚು ಮಾಲೀಕನದ್ದೇ.

ಹಾಗಂತ ಕಾಗದದ ಮೇಲೆ. ನಿಜವಾಗಿ ಯಾರು ಕೊಡ್ತಾರೆ?

ಬೆಂಗಳೂರಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಉತ್ತರ ಗೊತ್ತು. ಮನೆ ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಿಂದ ಒಂದು ತಿಂಗಳ ಬಾಡಿಗೆ ಕಟ್. ಮೂರು ಮಳೆಗಾಲ ಬೂಸ್ಟು ಹಿಡಿದ ಗೋಡೆ ಪಕ್ಕ ಮಲಗಿದವರೂ ಅವರೇ, ಆ ಗೋಡೆಗೆ ಬಣ್ಣದ ದುಡ್ಡು ಕೊಡೋರೂ ಅವರೇ.

ಆದ್ರೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಏನು ಹೇಳುತ್ತೆ? ಬೇರೆ ಒಪ್ಪಂದ ಇಲ್ಲದಿದ್ರೆ ಸುಣ್ಣಬಣ್ಣ, ಪೈಪ್ ಬದಲಾವಣೆ, ವೈರಿಂಗ್, ಕಟ್ಟಡದ ರಿಪೇರಿ ಮಾಲೀಕರ ಹೊಣೆ. ನಲ್ಲಿಯ ವಾಷರ್, ಸ್ವಿಚ್, ಚರಂಡಿ ಕ್ಲೀನಿಂಗ್ ಬಾಡಿಗೆದಾರರದ್ದು. ಇದು ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿ ಕಾನೂನು ಮಾಡಿದ್ರೆ ಮಾತ್ರ ಜಾರಿ.

ಇನ್ನೊಂದು ಸ್ವಾರಸ್ಯ ಇದೆ. ಆಸ್ತಿ ತೆರಿಗೆ ಕಳೆದ ಮೇಲೆ ಉಳಿಯುವ ಬಾಡಿಗೆಯಲ್ಲಿ 30% ಭಾಗಕ್ಕೆ ಮಾಲೀಕರು ಆದಾಯ ತೆರಿಗೆ ಕಟ್ಟಬೇಕಿಲ್ಲ. ರಿಪೇರಿ, ನಿರ್ವಹಣೆಗೆ ಅಂತ ಸಿಗೋ ಈ ವಿನಾಯಿತಿಗೆ ಬಿಲ್ ತೋರಿಸಬೇಕಿಲ್ಲ, ಒಂದು ರೂಪಾಯಿ ಖರ್ಚು ಮಾಡದಿದ್ರೂ ಸಿಗುತ್ತೆ. ಅಂದ್ರೆ ರಿಪೇರಿಯ ಲೆಕ್ಕದಲ್ಲಿ ಮಾಲೀಕನಿಗೆ ಸರ್ಕಾರದ ರಿಯಾಯಿತಿ, ಬಾಡಿಗೆದಾರನಿಗೆ ಬಿಲ್.

ಫ್ಲಾಟ್ ಕೊಳ್ಳೋರಾದ್ರೆ ಮಳೆಗಾಲದಲ್ಲಿ ಹೋಗಿ ನೋಡಿ. ಟೆರೇಸ್ ಹತ್ತಿ, ಸಂಘದ ಸಿಂಕಿಂಗ್ ಫಂಡ್‌ನಲ್ಲಿ ಎಷ್ಟಿದೆ ಕೇಳಿ, ಸ್ಟ್ರಕ್ಚರಲ್ ಎಂಜಿನಿಯರ್ ಫೀಸಿಗೆ ಜಿಪುಣತನ ಮಾಡಬೇಡಿ. ಬಾಡಿಗೆಗೆ ಹೋಗೋರಾದ್ರೆ ಮೊದಲ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ, ಪೇಂಟಿಂಗ್ ಷರತ್ತನ್ನು ಸಹಿಗೆ ಮುಂಚೆ ಓದಿ.

ಗೆಳೆಯ ಆ ಫ್ಲಾಟ್ ಬಿಟ್ಟ. ಬ್ರೋಕರ್‌ಗೆ ಬೇಜಾರಾಗಲಿಲ್ಲ, ಸಂಜೆ ಇನ್ನೊಬ್ಬರು ನೋಡೋಕೆ ಬರೋರಿದ್ರು. ಯಾರೋ ಒಬ್ಬರು ಕೊಳ್ತಾರೆ, ಆಮೇಲೆ ಯಾರೋ ಬಾಡಿಗೆಗೆ ಬರ್ತಾರೆ. ಆ ಸೀಲಿಂಗಿನ ಕೆಳಗೆ ಸ್ನಾನ ಮಾಡೋರು ಅವರು.